ನೆಲದಡಿಯ ಗೋಡೆಗೂ ಊರಿನ ನೆನಪು ಬೇಕು

(ಸಂಘದ ಸಂಸ್ಥಾಪನಾ ದಿನದಂದು ಸೂರ್‌ನಲ್ಲಿ ಮಾಡಿದ ಭಾಷಣದ ಬರಹರೂಪ)



ಮೆಟ್ರೋ ನಿಲ್ದಾಣಗಳ ಕಲೆ ಮತ್ತು ಕಟ್ಟಡದ ಬಗ್ಗೆ ನಾಲ್ಕು ಮಾತು ಆಡುತ್ತೇನೆ ಎಂದಾಗ ಗೆಳೆಯರೊಬ್ಬರು ನಕ್ಕರು. “ಸೂರ್‌ನಲ್ಲಿ ರೈಲೇ ಇಲ್ಲವಲ್ಲ ಸ್ವಾಮಿ!” ಎಂದರು. ನಿಜ. ಆದರೆ ಇಲ್ಲಿ ಫತಹ್ ಅಲ್ ಖೈರ್ ಇದೆ. 1951ರಲ್ಲಿ ಇದೇ ಊರಿನಲ್ಲಿ ಕಟ್ಟಿದ ಮರದ ಹಡಗು ಅದು. ಕೈಯಿಂದ ಕೈಗೆ ದಾಟಿ ಯೆಮನ್ ಸೇರಿದ್ದ ಅದನ್ನು 1993ರಲ್ಲಿ ಊರಿನವರೇ ಹಣ ಕೂಡಿಸಿ ಕೊಂಡು ತಂದರು. ಇಂದು ಅದು ದಡದ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿದೆ. ಅದಕ್ಕೆ ಟಿಕೆಟ್ ಬೇಡ, ವಿದ್ವತ್ತು ಬೇಡ. ಸಾರ್ವಜನಿಕ ಕಲೆ ಎಂದರೆ ಇದೇ ಎಂದು ನಾನು ತಿಳಿದಿದ್ದೇನೆ.

ಈಗ ನಮ್ಮ ಬೆಂಗಳೂರಿಗೆ ಬರೋಣ. ನಮ್ಮ ಮೆಟ್ರೋ 2011ರ ಅಕ್ಟೋಬರ್ 20ರಂದು ಓಡತೊಡಗಿತು. 2016ರಲ್ಲಿ ಕಬ್ಬನ್ ಪಾರ್ಕ್‌ನಿಂದ ಸಿಟಿ ರೈಲು ನಿಲ್ದಾಣದವರೆಗಿನ ಸುರಂಗ ಮಾರ್ಗ ತೆರೆಯಿತು. ನೆಲದ ಮೇಲೆ ನಡೆಯುವವನಿಗೆ ಮರ, ದೇವಸ್ಥಾನ, ಮೂಲೆಯ ಅಂಗಡಿ ದಾರಿ ಹೇಳುತ್ತವೆ. ಕೆಳಗೆ ಇಳಿದರೆ ಬಿಸಿಲಿಲ್ಲ, ದಿಕ್ಕಿಲ್ಲ. ಒಂದು ನಿಲ್ದಾಣ ಇನ್ನೊಂದರಂತೆಯೇ ಕಾಣುತ್ತದೆ. ಆದ್ದರಿಂದ ಅಲ್ಲಿ ಗೋಡೆಯ ಚಿತ್ರ ಬರೀ ಅಲಂಕಾರವಲ್ಲ, ಅದೇ ಗುರುತು. ಮಾಸ್ಕೋದವರು 1935ರಲ್ಲೇ ತಮ್ಮ ನಿಲ್ದಾಣಗಳಿಗೆ ಅಮೃತಶಿಲೆ ಹೊದಿಸಿದರು. ಸ್ಟಾಕ್‌ಹೋಮ್‌ನವರು ಬಂಡೆ ಕೊರೆದ ಗುಹೆಗೇ ಬಣ್ಣ ಬಳಿದರು.

ನಮ್ಮಲ್ಲೂ ಪ್ರಯತ್ನ ನಡೆದಿದೆ. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಪೀಣ್ಯ ನಿಲ್ದಾಣದಲ್ಲಿ, ಆಮೇಲೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಗೋಡೆಗಳನ್ನು ಚಿತ್ರಗಳಿಂದ ತುಂಬಿದರು. ಎಂ.ಜಿ. ರಸ್ತೆಯಲ್ಲಿ 2013ರಲ್ಲಿ ‘ರಂಗೋಲಿ’ ಕಲಾಕೇಂದ್ರ ಬಂತು. ಆದರೆ ಅದು ಬಂದದ್ದು ಎಲ್ಲಿ? ನಮ್ಮಲ್ಲಿ ಎಷ್ಟೋ ಮಂದಿ ಕಾಗದದ ಹೂವಿನ ಬಳ್ಳಿಗಳ ಕೆಳಗೆ ಸಂಜೆ ತಿರುಗಾಡಿದ ಆ ಹಳೆಯ ಕಾಲುದಾರಿ ಇದ್ದ ಜಾಗದಲ್ಲಿ. ಕಲೆ ಬಂದದ್ದು ಸಂತೋಷ. ಹೋದ ಮರಗಳಿಗೆ ಅದು ಲೆಕ್ಕ ಚುಕ್ತಾ ಆಗದು.

ಇನ್ನು ಮೆಜೆಸ್ಟಿಕ್. ನಾಡಪ್ರಭು ಕೆಂಪೇಗೌಡರ ಹೆಸರಿನ ಆ ನಿಲ್ದಾಣದಲ್ಲಿ ಎರಡು ಮಾರ್ಗಗಳು ಒಂದರ ಮೇಲೊಂದು ಹಾಯುತ್ತವೆ. ಅದರ ಪಕ್ಕದ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯಂಗಳದ ಮೇಲೆ. ಕೆರೆ ಕಟ್ಟಿಸಿದವರೆಂದು ನಾವು ನೆನೆಯುವ ಕೆಂಪೇಗೌಡರ ಹೆಸರಿರುವ ಕಡೆ ಗೋಡೆ ಹೇಳಬೇಕಾದ ಮೊದಲ ಕಥೆ ಆ ಕೆರೆಯದು ಎಂದು ನನ್ನ ವಿನಮ್ರ ಅಭಿಪ್ರಾಯ. ಜಾಹೀರಾತು ನಾಳೆ ಬದಲಾಗುತ್ತದೆ. ಕೆರೆಯ ನೆನಪು ಒಮ್ಮೆ ಅಳಿಸಿದರೆ ಮತ್ತೆ ಬರೆಯುವವರು ಯಾರು?

ಬಂಧುಗಳೇ, ಊರು ಬಿಟ್ಟು ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮಕ್ಕಳು ಬೆಂಗಳೂರನ್ನು ನೋಡುವುದು ರಜೆಯ ಕೆಲವು ವಾರ ಮಾತ್ರ. ಅವರಿಗೆ ಮಾಲ್‌ಗಳು ಎಲ್ಲ ಕಡೆಯೂ ಒಂದೇ. ನಿಲ್ದಾಣವೂ ಹಾಗೇ ಆದರೆ ಅದು ಅಪ್ಪ ಅಮ್ಮನ ಊರು ಎಂದು ಅವರಿಗೆ ಗೊತ್ತಾಗುವುದು ಹೇಗೆ?

ಮುಂದಿನ ಸಲ ಊರಿಗೆ ಹೋದಾಗ ಅವಸರಪಡಬೇಡಿ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಐದು ನಿಮಿಷ ನಿಂತು ಗೋಡೆ ನೋಡಿ. ಮೆಜೆಸ್ಟಿಕ್‌ನಲ್ಲಿ ಇಳಿದಾಗ, “ಇಲ್ಲೊಂದು ಕೆರೆ ಇತ್ತು ಮಗು” ಎಂದು ಹೇಳಿ. ಸೂರ್‌ನವರು ಒಂದು ಹಡಗನ್ನೇ ಮರಳಿ ತಂದರು. ನಾವು ಒಂದು ಕಥೆಯನ್ನಾದರೂ ಉಳಿಸೋಣ.