ನೀರುಹಕ್ಕಿಯ ಬೇಟೆನಾಯಿಯೂ ಕೆರೆಯೂರಿನ ರೈತನ ನಾಯಿಯೂ
(ಧನಗೆರೆಯ ರೈತರನ್ನು ಉದ್ದೇಶಿಸಿದ ಉಪನ್ಯಾಸ)



ಹಳ್ಳಿಕಾರ್ ಆಗಲಿ ಆಲಂಬಾಡಿಯಾಗಲಿ, ಎತ್ತನ್ನು ಕೊಳ್ಳುವಾಗ ನಾವು ಹಲ್ಲು ನೋಡುತ್ತೇವೆ, ಗೊರಸು ನೋಡುತ್ತೇವೆ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಯಿಸಿಯೂ ನೋಡುತ್ತೇವೆ. ನಾಯಿಯನ್ನು ತರುವಾಗ ಮಾತ್ರ ಬಣ್ಣಕ್ಕೂ ಹೆಸರಿಗೂ ಮರುಳಾಗುತ್ತೇವೆ. ನೆಲದ ಹಕ್ಕಿಗೂ ನೀರಿನ ಹಕ್ಕಿಗೂ ಸಮನಾಗಿ ಒದಗುವ ನಾಯಿಯ ಜಾತಿ ಯಾವುದೆಂದು ತರುಣರು ಕೇಳುವುದುಂಟು. ನಿಮ್ಮ ಊರಿನ ಹೆಸರಿನಲ್ಲಿಯೇ ಕೆರೆಯಿರುವುದರಿಂದ ಈ ಪ್ರಶ್ನೆ ಇಲ್ಲಿ ಹುಟ್ಟುವುದು ಸಹಜ. ಇದಕ್ಕೆ ನೇರವಾಗಿಯೇ ಉತ್ತರ ಹೇಳುತ್ತೇನೆ. ಆ ಉತ್ತರದಿಂದ ಧನಗೆರೆಯ ರೈತನು ಏನನ್ನು ತೆಗೆದುಕೊಳ್ಳಬೇಕೆಂಬುದನ್ನೂ ಹೇಳುತ್ತೇನೆ.

1. ಬಹುಕಾರ್ಯದ ನಾಯಿ ಎಂದರೇನು?

ಹಕ್ಕಿಯ ಬೇಟೆಯಲ್ಲಿ ನಾಯಿಗೆ ಮೂರು ಕೆಲಸಗಳುಂಟು. ಪೊದೆಯಲ್ಲಿ ಅಡಗಿದ ಗೌಜಲನ್ನೋ ಲಾವುಗೆಯನ್ನೋ ಮೂಗಿನಿಂದ ಪತ್ತೆಮಾಡಿ ಅಲುಗಾಡದೆ ನಿಂತು ತೋರಿಸುವುದು ಮೊದಲನೆಯದು. ಅಪ್ಪಣೆಯಾದ ಮೇಲೆ ಹಕ್ಕಿಯನ್ನು ಎಬ್ಬಿಸುವುದು ಎರಡನೆಯದು. ನೆಲದಲ್ಲಾಗಲಿ ನೀರಿನಲ್ಲಾಗಲಿ ಬಿದ್ದ ಹಕ್ಕಿಯನ್ನು ಹಲ್ಲೂರದೆ ಮೆತ್ತಗೆ ಕಚ್ಚಿ ತಂದೊಪ್ಪಿಸುವುದು ಮೂರನೆಯದು. ಐರೋಪ್ಯರು ಈ ಕೆಲಸಗಳಿಗೆ ಬೇರೆಬೇರೆ ಜಾತಿಗಳನ್ನು ಬೆಳೆಸಿದರು. ತೋರಿಸುವುದಕ್ಕೆ ಪಾಯಿಂಟರ್, ಎಬ್ಬಿಸುವುದಕ್ಕೆ ಸ್ಪ್ಯಾನಿಯಲ್, ತರುವುದಕ್ಕೆ ಲ್ಯಾಬ್ರಡಾರ್ ರಿಟ್ರೀವರ್. ಮೂರನ್ನೂ ಒಂದೇ ನಾಯಿಯಲ್ಲಿ ಕೂಡಿಸಬೇಕೆಂದು ಜರ್ಮನಿಯವರು ಹತ್ತೊಂಬತ್ತನೆಯ ಶತಮಾನದಲ್ಲಿ ಗಿಡ್ಡಗೂದಲಿನ ಪಾಯಿಂಟರ್ ಜಾತಿಯನ್ನು ರೂಪಿಸಿದರು. ಕೇಳಿದ ಪ್ರಶ್ನೆಗೆ ಗ್ರಂಥಾನುಸಾರವಾದ ಉತ್ತರವು ಈ ಜರ್ಮನ್ ನಾಯಿಯೇ ಸರಿ.

2. ಆ ಜಾತಿಗಳು ನಮ್ಮ ಸೀಮೆಗೆ ಒಪ್ಪುವುವೇ?

ಲ್ಯಾಬ್ರಡಾರಿನ ಪೂರ್ವಜರು ನ್ಯೂಫೌಂಡ್ಲೆಂಡಿನ ಹಿಮಶೀತಲವಾದ ನೀರಿನಲ್ಲಿ ದುಡಿದವರು. ಅದರ ಎಣ್ಣೆಯುಕ್ತ ದಟ್ಟ ರೋಮವು ಅಲ್ಲಿ ಕವಚ. ನಮ್ಮ ಏಪ್ರಿಲ್ ತಿಂಗಳಲ್ಲಿ ಹೊರೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ದೇಹದ ಕಾವನ್ನು ಕಳೆಯಬೇಕು. ಸ್ಪ್ಯಾನಿಯಲ್ಲಿನ ಜೋಲುಕಿವಿಯಲ್ಲಿ ತೇವ ನಿಂತು ಕೀವಾಗುತ್ತದೆ. ಹುಲ್ಲಿನ ಮುಳ್ಳು ಉದ್ದಗೂದಲಿಗೆ ಸಿಕ್ಕಿಕೊಳ್ಳುತ್ತದೆ. ಜರ್ಮನ್ ನಾಯಿಗೆ ಗಿಡ್ಡರೋಮದ ಅನುಕೂಲವಿದ್ದರೂ ಪ್ರತಿದಿನವೂ ಬಹಳ ಹೊತ್ತು ಓಡಾಟ ಬೇಕು. ಕಟ್ಟಿಹಾಕಿದರೆ ಅದು ಮನೆಗೆ ಉಪದ್ರವವಾಗುತ್ತದೆ.

ನಮ್ಮ ನಾಡಿನ ಮುಧೋಳದ ನಾಯಿಯಾಗಬಾರದೇ ಎಂದು ಕೇಳಬಹುದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾದ ಈ ಜಾತಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ದೊರೆಯಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಒಂದು ಸಂಶೋಧನ ಕೇಂದ್ರವುಂಟು. ಆದರೆ ಇದು ಮೂಗಿನ ನಾಯಿಯಲ್ಲ, ಕಣ್ಣಿನ ನಾಯಿ. ಬಯಲಿನಲ್ಲಿ ಮೊಲವನ್ನು ದೂರದಿಂದಲೇ ಕಂಡು ಬೆನ್ನಟ್ಟುವುದು ಅದರ ಸ್ವಭಾವ. ಓಡುವುದನ್ನು ಕಂಡೊಡನೆ ಅದಕ್ಕೆ ಒಡೆಯನ ಕೂಗು ಕೇಳಿಸದು. ಕೆಸರಿಗೂ ಕೆರೆಗೂ ಹುಟ್ಟಿದ ಜಾತಿ ಅದಲ್ಲ.

3. ಕಾಯಿದೆಯ ಮಾತು

ಇನ್ನು ಮುಖ್ಯವಾದ ಸಂಗತಿ. 1956ರ ವರೆಗೆ ಕೊಳ್ಳೇಗಾಲವು ಕೊಯಿಮತ್ತೂರು ಜಿಲ್ಲೆಗೂ ನೆರೆಯ ಯಳಂದೂರು ಮೈಸೂರು ಸೀಮೆಗೂ ಸೇರಿದ್ದುವು. ಈಗ ಎರಡು ಕಡೆಗೂ ಒಂದೇ ಕಾಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಪರವಾನಗಿಯ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಅದೂ ನಿಂತುಹೋಯಿತು. ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಬೆನ್ನಟ್ಟಿಸುವುದು, ಬಲೆಯೊಡ್ಡುವುದು, ಹಕ್ಕಿಯ ಮೊಟ್ಟೆಗೂಡುಗಳನ್ನು ಕೆಡಿಸುವುದು ಎಲ್ಲವೂ ಅದರಲ್ಲಿ ಅಡಗಿವೆ. ಕೋವಿಯಿಲ್ಲದೆ, ನಾಯಿಯನ್ನು ಛೂಬಿಟ್ಟು ಮೊಲ ಹಿಡಿಸಿದವನೂ ಅಪರಾಧಿಯೇ. ಮೋಜಿಗೆ ಮಾಡಿದ ಒಂದು ಸಂಜೆಯ ಕೆಲಸಕ್ಕಾಗಿ ಮನೆಯ ದುಡಿಯುವ ಮಗನು ಸೆರೆಮನೆ ಸೇರಿದರೆ ಹೊಲವನ್ನು ಉಳುವವರಾರು?

ಕಾಯಿದೆಯ ಭಯಕ್ಕಿಂತಲೂ ಮೇಲಾದ ಕಾರಣವೊಂದುಂಟು. ಪಟ್ಟೆತಲೆಯ ಹೆಬ್ಬಾತು ಹಿಮಾಲಯವನ್ನು ದಾಟಿ ಬಂದು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಂಥ ಜಲಾಶಯಗಳಲ್ಲಿ ಚಳಿಗಾಲವನ್ನು ಕಳೆಯುತ್ತದೆ. ವರಟೆಬಾತು ಇಲ್ಲಿಯೇ ಇದ್ದು ಕೆರೆಯಂಚಿನ ಹುಲ್ಲಿನಲ್ಲಿ ಗೂಡುಮಾಡುತ್ತದೆ. ಟಿಟ್ಟಿಭವು ಬರಿಯ ನೆಲದಲ್ಲಿಯೇ ಮೊಟ್ಟೆಯಿಡುತ್ತದೆ. ಇವುಗಳ ಸಂತತಿಯನ್ನು ತೊಡೆಯಲು ಕೋವಿ ಬೇಡ. ಹಿಡಿತವಿಲ್ಲದ ಎರಡು ನಾಯಿಗಳು ಸಾಕು.

4. ಹಾಗಾದರೆ ಯಾವ ನಾಯಿ?

ಒಳ್ಳೆಯ ಬೇಟೆನಾಯಿಯ ಗುಣಗಳಲ್ಲಿ ಹಿರಿದಾದುದು ಓಟವೂ ಅಲ್ಲ, ಮೂಗೂ ಅಲ್ಲ. ಕರೆದೊಡನೆ ಹಿಂದಿರುಗುವ ವಿಧೇಯತೆ. ಹಕ್ಕಿ ಕಣ್ಣೆದುರಿಗೆ ಹಾರಿದರೂ ಅಪ್ಪಣೆಯಿಲ್ಲದೆ ಕದಲದ ನಾಯಿಗೇ ಬೇಟೆಗಾರರು ಬೆಲೆ ಕೊಡುತ್ತಿದ್ದರು. ಬೇಟೆ ಹೋಯಿತು, ಈ ಗುಣ ನಮಗೆ ಇಂದಿಗೂ ಬೇಕು. ಧನಗೆರೆಯ ರೈತನು ಜಾತಿಯ ಹೆಸರನ್ನು ಬಿಟ್ಟು ಈ ಗುಣವನ್ನು ಹುಡುಕತಕ್ಕದ್ದು. ಅದು ನಮ್ಮ ನಾಡನಾಯಿಯ ಮರಿಯಲ್ಲಿಯೇ ದೊರೆಯುತ್ತದೆ. ಗಿಡ್ಡರೋಮ, ನಿಮಿರಿದ ಕಿವಿ, ಬಿಸಿಲನ್ನು ತಾಳುವ ಮೈ, ಅಲ್ಪಾಹಾರದಲ್ಲಿ ತೃಪ್ತಿ ಇವು ಅದಕ್ಕೆ ಹುಟ್ಟಿನಿಂದ ಬಂದಿವೆ.

ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಬೊಗಳಿ ಎಚ್ಚರಿಸುವುದು, ಕುರಿಹಟ್ಟಿಯನ್ನು ಕಾಯುವುದು, ಮನೆಯ ಬಾಗಿಲಲ್ಲಿರುವುದು ಇವೇ ನಮ್ಮ ಬಹುಕಾರ್ಯಗಳು. ಆದರೆ ವಿಧೇಯವಲ್ಲದ ನಾಯಿಯನ್ನು ಹನೂರಿನ ಕಡೆಯ ಕಾಡಂಚಿಗೆ ಒಯ್ಯುವುದು ಪ್ರಾಣಾಪಾಯ. ಅದು ಆನೆಯನ್ನು ಕೆಣಕಿ, ಹೆದರಿ, ನೇರವಾಗಿ ಒಡೆಯನ ಕಾಲಬುಡಕ್ಕೇ ಓಡಿಬರುತ್ತದೆ; ಹಿಂದೆ ಆನೆಯೂ ಬರುತ್ತದೆ. ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಆಹ್ವಾನ. ಬಾಗಿಲಿರುವ ಕೊಟ್ಟಿಗೆಯಲ್ಲಿ ಅದನ್ನು ಮಲಗಿಸತಕ್ಕದ್ದು.

5. ಮರಿಯ ಆಯ್ಕೆಯೂ ಶಿಕ್ಷಣವೂ

ಎಂಟು ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದು. ತಾಯಿಯನ್ನು ಕಣ್ಣಾರೆ ನೋಡಬೇಕು; ಕಾರಣವಿಲ್ಲದೆ ಮೇಲೆ ಬೀಳುವ ತಾಯಿಯ ಮರಿ ಬೇಡ. ಚಪ್ಪಾಳೆ ತಟ್ಟಿದರೆ ಒಮ್ಮೆ ಬೆಚ್ಚಿ, ಮತ್ತೆ ನೋಡಲು ಬರುವ ಮರಿ ಉತ್ತಮ. ಮೂಲೆ ಸೇರಿ ಹೊರಬಾರದ್ದು ಮುಂದೆ ಭಯದಿಂದ ಕಚ್ಚೀತು. ಮನೆಗೆ ತಂದ ದಿನದಿಂದಲೇ ಒಂದು ಹೆಸರು, ಒಂದು ಕರೆ. ಬಂದಾಗಲೆಲ್ಲ ಒಂದು ತುತ್ತು. ತಡವಾಗಿ ಬಂದುದಕ್ಕೆ ಹೊಡೆದರೆ, ಬಂದುದೇ ತಪ್ಪೆಂದು ಅದು ತಿಳಿಯುತ್ತದೆ. ಮೊದಲು ಅಂಗಳದಲ್ಲಿ, ಆಮೇಲೆ ಉದ್ದದ ಹಗ್ಗ ಕಟ್ಟಿ ಹೊಲದ ಬದುವಿನಲ್ಲಿ, ಕೊನೆಗೆ ಕುರಿಕೋಳಿಗಳ ಮುಂದೆ ಅಭ್ಯಾಸ ಮಾಡಿಸಬೇಕು.

6. ರೋಗಗಳು

ಹುಚ್ಚುನಾಯಿ ರೋಗವು ತೋರಿಕೊಂಡ ಮೇಲೆ ಚಿಕಿತ್ಸೆಗೆ ಬಗ್ಗದು. ಮೂರು ತಿಂಗಳ ಮರಿಗೆ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಪ್ರಕಾರ ಮುಂದುವರಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಸುಣ್ಣ, ಮೆಣಸಿನಪುಡಿ, ಮಂತ್ರ ಇವುಗಳಿಂದ ಹೊತ್ತು ಕಳೆಯಬಾರದು. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ ಬರುವ ಇಲಿಜ್ವರವು ನಾಯಿಗೂ ಮನುಷ್ಯನಿಗೂ ತಗಲುತ್ತದೆ. ಡಿಸ್ಟೆಂಪರ್ ಎಂಬ ವ್ಯಾಧಿ ಊರುನಾಯಿಯಿಂದ ಕಾಡಿನ ಮೃಗಗಳಿಗೂ ಹರಡಬಲ್ಲುದು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಈ ರೋಗದ ವಿಷಾಣುವೇ ಕಂಡುಬಂದಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೀಳುನಾಯಿಗಳಿಗೂ ಈ ಗತಿ ಬರಬಾರದೆಂದರೆ ಮನೆನಾಯಿಗೆ ಲಸಿಕೆ ಹಾಕಿಸುವುದೇ ದಾರಿ.

ಸಾರಾಂಶ

ಜಾತಿಗಿಂತ ಗುಣವನ್ನು ನೋಡಿರಿ. ದೂರದ ಹೆಸರಿಗಿಂತ ಈ ನೆಲಕ್ಕೆ ಒಗ್ಗಿದ ಮೈಯನ್ನು ನೋಡಿರಿ. ಬೆನ್ನಟ್ಟುವುದಕ್ಕಿಂತ ಮೊದಲು ಹಿಂದಿರುಗುವುದನ್ನು ಕಲಿಸಿರಿ. ಕೆರೆಯ ಏರಿಯ ಮೇಲೆ ನೀವು ನಿಂತಿರುವಾಗ, ನೀರಿನಿಂದ ಬಾತುಗಳ ಹಿಂಡು ಎದ್ದರೂ ನಿಮ್ಮ ಕಾಲಬಳಿಯಲ್ಲಿಯೇ ಕುಳಿತು ನಿಮ್ಮ ಮುಖವನ್ನು ನೋಡುವ ನಾಯಿ ಯಾವುದೋ, ಅದೇ ಈ ಊರಿಗೆ ಉತ್ತಮವಾದ ನಾಯಿ.