ಹಾರುವ ಓತಿಯ ನಾಲ್ಕು ಸೆಕೆಂಡು



ಕಳೆದ ವರ್ಷ ಮೈಸೂರಿನ ಕಾಲೇಜೊಂದರಲ್ಲಿ ನಮ್ಮ ವಿಜ್ಞಾನ ಕಾರ್ಯಕ್ರಮದ ಒಂದು ಕಂತನ್ನು ತೋರಿಸಿ, ಆಮೇಲೆ ಪ್ರಶ್ನೋತ್ತರ ಇಟ್ಟುಕೊಂಡಿದ್ದೆವು. ಮಳೆಕಾಡಿನ ಬಗೆಗಿನ ಕಂತು ಅದು. ಅದರಲ್ಲಿ ಹಾರುವ ಓತಿಯೊಂದು ಒಂದು ಮರದಿಂದ ಇನ್ನೊಂದಕ್ಕೆ ತೇಲಿಹೋಗುವ ದೃಶ್ಯವಿದೆ. ವೇಗ ತಗ್ಗಿಸಿ ತೋರಿಸಿದರೂ ನಾಲ್ಕೇ ಸೆಕೆಂಡು. ಆ ದೃಶ್ಯ ಬಂದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಓತಿ ಅದೇ ಕ್ಷಣಕ್ಕೆ ಹಾರುತ್ತೆ ಅಂತ ನಿಮ್ಮ ಕ್ಯಾಮೆರಾಗೆ ಮೊದಲೇ ಹೇಗೆ ಗೊತ್ತಾಯ್ತು?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ತಾಳ್ಮೆ ಬೇಕಮ್ಮ, ತಾಳ್ಮೆ" ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟೆ. ಅದು ಸರಿಯಾದ ಉತ್ತರವಲ್ಲ. ಸರಿಯಾದ ಉತ್ತರ ಹೇಳಬೇಕಾದರೆ ಆ ಇಡೀ ದಿನವನ್ನು ನಿಮ್ಮ ಮುಂದೆ ಇಡಬೇಕು.

ನಾವು ಹೋಗಿದ್ದು ಆಗುಂಬೆಗೆ. ಮೈಸೂರಿನಿಂದ ಸುಮಾರು 300 ಕಿ.ಮೀ. ದೂರ. ಹೊರಡುವ ಮೊದಲು ನಕ್ಷೆ ಹರಡಿಕೊಂಡು ಕುಳಿತಾಗ ನನಗೇ ಆಶ್ಚರ್ಯವಾದ ಒಂದು ಸಂಗತಿಯನ್ನು ಹೇಳುತ್ತೇನೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಆಗುಂಬೆ ಸುಮಾರು 650 ಮೀಟರ್. ಎಂದರೆ, ನಾವು ಬೆಟ್ಟ ಹತ್ತಿ ಹೋಗಬೇಕೆಂದು ಭಾವಿಸುವ ಊರು ನಮ್ಮ ಊರಿಗಿಂತ ತಗ್ಗಿನಲ್ಲಿದೆ! ಆದರೂ ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಬಿದ್ದರೆ, ಆಗುಂಬೆಗೆ 7,000 ಮಿಲಿಮೀಟರಿಗೂ ಹೆಚ್ಚು. ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನಿಂತರೆ ಎರಡಂತಸ್ತಿನ ಮನೆ ಮುಳುಗೀತು.

ಕಾರಣ ಎತ್ತರವಲ್ಲ, ನಿಂತಿರುವ ಜಾಗ. ಆಗುಂಬೆ ಘಟ್ಟದ ಅಂಚಿನಲ್ಲಿ, ಅರಬ್ಬೀ ಸಮುದ್ರಕ್ಕೆ ಮುಖ ಮಾಡಿ ಕುಳಿತಿದೆ. ನೈರುತ್ಯ ಮಾರುತ ತೇವ ಹೊತ್ತು ಬಂದು ಘಟ್ಟದ ಗೋಡೆಗೆ ಡಿಕ್ಕಿ ಹೊಡೆಯುತ್ತದೆ. ಬೇರೆ ದಾರಿಯಿಲ್ಲದೆ ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಅಷ್ಟು ತೇವವನ್ನು ಹೊರಲಾರದು, ಅಲ್ಲೇ ಸುರಿದುಬಿಡುತ್ತದೆ. ಹೊರೆ ಇಳಿಸಿ ಹಗುರಾದ ಗಾಳಿ ಮಾತ್ರ ನಮ್ಮ ಚಾಮುಂಡಿ ಬೆಟ್ಟದ ಕಡೆ ಬರುತ್ತದೆ.

ಆಗುಂಬೆಗೂ ಮೈಸೂರಿಗೂ ಇನ್ನೊಂದು ನಂಟಿದೆ. ಯಾದವಗಿರಿಯಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ 1986ರಲ್ಲಿ ಶಂಕರ್ ನಾಗ್ ನಿರ್ದೇಶನದಲ್ಲಿ ಕಿರುತೆರೆಗೆ ಬಂದಾಗ, ಅದಕ್ಕೆ ಬೀದಿ ಒದಗಿಸಿದ್ದು ಆಗುಂಬೆ. ನಮ್ಮ ವೃತ್ತಿಯವರಿಗೆ ಅದು ಒಂದು ಬಗೆಯ ಯಾತ್ರಾಸ್ಥಳ. ಇರಲಿ.

ನವೆಂಬರ್ ತಿಂಗಳು. ಮಳೆಗಾಲ ಮುಗಿದಿತ್ತು, ನೆಲದ ಹಸಿ ಆರಿರಲಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳೀಯರೊಬ್ಬರನ್ನು ದಾರಿ ತೋರಿಸಲು ಕರೆದುಕೊಂಡು, ಬೆಳಗಿನ ಏಳು ಗಂಟೆಗೆ ಬರ್ಕಣದ ಕಡೆಗೆ ಕಾಡು ಹೊಕ್ಕೆವು. ಹೊಕ್ಕ ಹತ್ತು ನಿಮಿಷಕ್ಕೆ ಚಿತ್ರಗ್ರಾಹಕರು ಗೊಣಗತೊಡಗಿದರು. ಮಸೂರದ ಮೇಲೆ ಮಂಜು ಕಟ್ಟುತ್ತಿತ್ತು. ಒರೆಸಿದರೆ ಮತ್ತೆ ಕಟ್ಟುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬೆಳಕಿನದು. ಹೊರಗೆ ಒಳ್ಳೆಯ ಬಿಸಿಲು; ಒಳಗೆ ದೀಪ ಹಚ್ಚದ ಮನೆಯ ನಡುಕೋಣೆಯಂತೆ ಮಬ್ಬು. ಮಳೆಕಾಡಿನ ನೆತ್ತಿಗೆ ಬೀಳುವ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದರ ಅರ್ಥ ಕ್ಯಾಮೆರಾ ಹಿಡಿದಾಗ ಗೊತ್ತಾಯಿತು.

ನೀವು ಹೋದಾಗ ಪ್ರಾಣಿಗಳನ್ನು ಹುಡುಕಲು ಹೊರಟರೆ ನಿರಾಶರಾಗುತ್ತೀರಿ. ಬಂಡೀಪುರದಲ್ಲಿ ಕಂಡಂತೆ ಜಿಂಕೆಯ ಹಿಂಡು ಇಲ್ಲಿ ಎದುರಾಗುವುದಿಲ್ಲ. ಮಂಗಟ್ಟೆ ಹಕ್ಕಿ ಎಲ್ಲೋ ಮೇಲೆ ಮುದುಕ ನಕ್ಕಂತೆ ಕೂಗುತ್ತದೆ, ಕಾಣುವುದಿಲ್ಲ. ಆದ್ದರಿಂದ ಎಲೆಗಳನ್ನು ನೋಡಿ. ಎಷ್ಟೋ ಗಿಡಗಳ ಎಲೆಯ ತುದಿ ಬಾಲದಂತೆ ಚಾಚಿಕೊಂಡಿರುತ್ತದೆ. ಬಿದ್ದ ನೀರು ನಿಲ್ಲದೆ ಜಾರಿಹೋಗಲು ಅದು ಸಹಾಯಕ. ನೀರು ನಿಂತರೆ ಪಾಚಿ, ಬೂಷ್ಟು ಹಿಡಿಯುತ್ತದೆ. ಚಿಗುರುಗಳನ್ನು ನೋಡಿ: ನಾಗಸಂಪಿಗೆಯ ಚಿಗುರು ಹಸಿರಲ್ಲ, ಕೆಂಪು. ದೊಡ್ಡ ಮರಗಳ ಬುಡ ನೋಡಿ: ನಿಲ್ಲಿಸಿದ ಹಲಗೆಗಳಂತೆ ಬೇರು ಸುತ್ತ ಚಾಚಿರುತ್ತದೆ. ಇಷ್ಟು ದೈತ್ಯ ಮರಕ್ಕೆ ಬೇರು ಆಳಕ್ಕೆ ಏಕೆ ಇಳಿದಿಲ್ಲ?

ಈ ಪ್ರಶ್ನೆಗೆ ಉತ್ತರ ನಮ್ಮ ದಾರಿಗಾರರ ಕತ್ತಿಯ ತುದಿಯಲ್ಲಿತ್ತು. ದರಗು ಸರಿಸಿ ನೆಲ ಕೆದಕಿದರು. ಮೇಲೆ ಕಪ್ಪು ಮಣ್ಣಿನ ಪದರ, ಗೇಣಿನಷ್ಟೂ ಇಲ್ಲ. ಅದರ ಕೆಳಗೆ ಮುರಕಲ್ಲಿನ ಬಣ್ಣದ ಬರೀ ಕೆಂಪು ಮಣ್ಣು. ಇಷ್ಟು ದಟ್ಟವಾಗಿ ಬೆಳೆದ ಕಾಡಿನ ನೆಲ ಭಾರೀ ಫಲವತ್ತಾಗಿರಬೇಕೆಂದು ನಾವು ತಿಳಿಯುತ್ತೇವೆ. ಹಾಗಿಲ್ಲ. ಇಲ್ಲಿನ ಸಾರವೆಲ್ಲ ಮಣ್ಣಿನಲ್ಲಿ ಕೂಡಿಟ್ಟದ್ದಲ್ಲ. ಮರ, ಎಲೆ, ಹುಳು, ಶಿಲೀಂಧ್ರಗಳ ನಡುವೆ ಕೈಯಿಂದ ಕೈಗೆ ಓಡಾಡುತ್ತಿರುವ ದುಡ್ಡಿನಂತೆ ಅದು. ಎಲೆ ಬಿತ್ತೋ, ಶಿಲೀಂಧ್ರದ ಎಳೆಗಳು ಅದನ್ನು ಕರಗಿಸುತ್ತವೆ; ಮೇಲ್ಪದರದಲ್ಲೇ ಹರಡಿರುವ ಬೇರುಗಳು ಅದನ್ನು ಹೀರಿ ಮತ್ತೆ ಮೇಲಕ್ಕೆ ಕಳಿಸುತ್ತವೆ. ಮರ ಕಡಿದು ಸಾಗಿಸಿದರೆ ದುಡ್ಡಿನ ಹೆಚ್ಚಿನ ಪಾಲು ಲಾರಿ ಹತ್ತಿ ಹೋದಂತೆ. ಉಳಿದ ಚಿಲ್ಲರೆಯನ್ನು ಏಳು ಮೀಟರ್ ಮಳೆ ತೊಳೆದುಕೊಂಡು ಹೋಗುತ್ತದೆ. ಬಯಲುಸೀಮೆಯ ಹೊಲದಂತೆ ಬೀಳು ಬಿಟ್ಟರೆ ನಾಲ್ಕು ವರ್ಷದಲ್ಲಿ ಚೇತರಿಸಿಕೊಳ್ಳುವ ನೆಲವಲ್ಲ ಇದು.

ಇಂಬಳಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡಿದ್ದರೂ ಹತ್ತಿದವು. ಕಚ್ಚುವಾಗ ನೋವಿಲ್ಲ, ರಕ್ತ ಹೆಪ್ಪುಗಟ್ಟದಂತೆ ಅದು ಬಿಡುವ ರಸದಿಂದಾಗಿ, ಕಿತ್ತ ಮೇಲೂ ಬಹಳ ಹೊತ್ತು ಸೋರುತ್ತದೆ. ಕಾಳಿಂಗ ಸರ್ಪವನ್ನು ನೋಡುವ ಆಸೆಯಿತ್ತು. ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದ್ದೇ ಮುಖ್ಯವಾಗಿ ಅದರ ಸಲುವಾಗಿ. ದರಗೆಲೆ ಗುಡ್ಡೆ ಹಾಕಿ ಮೊಟ್ಟೆಗೆ ಗೂಡು ಕಟ್ಟುವ ಹಾವು ಅದೊಂದೇ. ನಮಗೆ ಕಾಣಲಿಲ್ಲ.

ಹೀಗೆ ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿದ್ದದ್ದು ಮಬ್ಬು ಎಲೆಗಳು, ಮಬ್ಬು ಬೇರುಗಳು, ಕಣಿವೆಯ ಮಂಜು. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಓಡಾಡುವ ಒಂದು ಜೀವ ಬೇಡವೇ? ಹಿಂತಿರುಗುವಾಗ ಕಾಡಿನಂಚಿನ ಹಳೆಯ ಅಡಿಕೆ ತೋಟದಲ್ಲಿ ದಾರಿಗಾರರು ಬೆರಳು ತೋರಿಸಿದರು. ಮರದ ತೊಗಟೆಯದೇ ಬಣ್ಣದ ಗೇಣುದ್ದದ ಓತಿ. ಗಂಟಲ ಕೆಳಗಿನ ಹಳದಿ ಚೀಲವನ್ನು ಚಾಚಿ ಮಡಚದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಆ ಪ್ರಾಣಿಯ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೇ ಆಯಿತು.

ಟ್ರೈಪಾಡ್ ಊರಿ ಕಾದೆವು. ಓತಿ ಇರುವೆಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು. ಒಂದು ಗಂಟೆಯಾಯಿತು. ಒಂದೂವರೆಯಾಯಿತು. ಬಿಸಿಲು ಅಡಿಕೆ ಮರಗಳ ತಲೆಗೆ ಏರಿತು.

"ಹಾರ್ತದಾ ಇದು?" ಎಂದು ಕೇಳಿದೆ.

"ಹಾರ್ತದೆ ಸಾರ್. ಅದಕ್ಕೆ ಮನಸ್ಸು ಬರ್ಬೇಕು" ಎಂದರು ದಾರಿಗಾರರು.

ಇನ್ನು ಕಾಲು ಗಂಟೆಯಲ್ಲಿ ಬೆಳಕು ಹೋಗುತ್ತದೆ ಎಂದು ಚಿತ್ರಗ್ರಾಹಕರು ಹೇಳಿದರು. ನಾನು ನೆಲದ ಮೇಲಿದ್ದ ಒಂದು ಕೋಲು ಎತ್ತಿಕೊಂಡೆ. "ಯಾಕೆ ಮಾರಾಯ್ರೆ, ಅದರ ಪಾಡಿಗೆ ಇರ್ಲಿ" ಎಂದು ಅವರು ಹೇಳುತ್ತಿದ್ದಂತೆಯೇ ಮರಕ್ಕೆ ಎರಡು ಸಲ ಬಲವಾಗಿ ತಟ್ಟಿದೆ. ಓತಿ ಚಂಗನೆ ಮೇಲೆ ಹತ್ತಿ, ತಿರುಗಿ, ಪಕ್ಕೆಲುಬುಗಳನ್ನು ಬಿಚ್ಚಿ, ಚರ್ಮದ ರೆಕ್ಕೆ ಅರಳಿಸಿ ತೋಟದಾಚೆಯ ಮರಕ್ಕೆ ತೇಲಿಬಿಟ್ಟಿತು. ದೃಶ್ಯ ಸಿಕ್ಕಿತು. ನಾವೆಲ್ಲ ಕೈ ಕುಲುಕಿಕೊಂಡೆವು. ದಾರಿಗಾರರು ಊರು ತಲಪುವವರೆಗೆ ಹೆಚ್ಚು ಮಾತಾಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವಸರ ಎನ್ನಬಹುದಿತ್ತು. ಸಂಕಲನ ಕೊಠಡಿಯಲ್ಲಿ ಆ ದೃಶ್ಯದ ಮೇಲೆ ನಿರೂಪಣೆ ಬರೆದವನೂ ನಾನೇ: "ಆಹಾರವನ್ನು ಅರಸುತ್ತಾ ಓತಿಯು ಮರದಿಂದ ಮರಕ್ಕೆ ಹಾರುತ್ತದೆ." ಅದು ಆಹಾರ ಬಿಟ್ಟು, ಜೀವಭಯದಿಂದ ಓಡುತ್ತಿತ್ತು. ಆಗುಂಬೆಯನ್ನು ಮಾಲ್ಗುಡಿ ಎಂದಾಗ ಯಾರೂ ಮೋಸಹೋಗಲಿಲ್ಲ. ಅದು ಕಥೆಯೆಂದು ನೋಡುವವರಿಗೆ ಗೊತ್ತಿತ್ತು. ನಮ್ಮದು ವಿಜ್ಞಾನ ಕಾರ್ಯಕ್ರಮ.

ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ಆ ಓತಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಜರ್ಮನಿಯ ವಿಜ್ಞಾನಿ ಮ್ಯಾಕ್ಸಿಮಿಲಿಯನ್ ಡೆಲಿಂಗ್ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕೈಗೆ ಬಂತು. ಪಕ್ಕೆಲುಬುಗಳೇ ಆ ರೆಕ್ಕೆಯನ್ನು ಬಿಡಿಸಿ ಹಿಡಿಯುತ್ತವೆ, ಅಷ್ಟೇ ಅದರ ಗುಟ್ಟು ಎಂದು ಅದುವರೆಗೆ ನಂಬಿದ್ದರು. ಅವರು ಓತಿಗಳನ್ನು ನೋಡುತ್ತಾ, ಚಿತ್ರ ತೆಗೆಯುತ್ತಾ ಕಂಡುಕೊಂಡದ್ದು ಬೇರೆ: ಜಿಗಿದ ಕೂಡಲೇ ಓತಿ ಮುಂಗಾಲುಗಳನ್ನು ಹಿಂದಕ್ಕೆ ಮಡಚಿ ರೆಕ್ಕೆಯ ಮುಂದಂಚನ್ನು ಉಗುರಿನಿಂದ ಹಿಡಿದುಕೊಳ್ಳುತ್ತದೆ, ಇಳಿಯುವ ಮುನ್ನ ಬಿಡುತ್ತದೆ. ಎಂದರೆ ರೆಕ್ಕೆಯನ್ನು ಕೈಯಲ್ಲೇ ಹಿಡಿದು ಹಾರುತ್ತದೆ. ಆ ಅಧ್ಯಯನ ನಡೆದದ್ದೂ ಆಗುಂಬೆಯ ಹಳೆಯ ಅಡಿಕೆ ತೋಟದಲ್ಲಿ. ಓದಿದ ರಾತ್ರಿಯೇ ನಮ್ಮ ದೃಶ್ಯವನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಿದೆ. ಮುಂಗಾಲು ರೆಕ್ಕೆಯ ಅಂಚಿಗೆ ಸೇರಿದ್ದು ಅದರಲ್ಲೂ ಕಾಣುತ್ತದೆ. ಸಂಕಲನದಲ್ಲಿ ಹತ್ತಾರು ಸಲ ನೋಡಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮರುಪ್ರಸಾರಕ್ಕೆ ಮುನ್ನ ಆ ನಿರೂಪಣೆಯನ್ನು ತೆಗೆದು, "ಮರವನ್ನು ತಟ್ಟಿದಾಗ ಓತಿ ಹಾರಿತು" ಎಂದು ಸೇರಿಸಿದ್ದೇವೆ. ಮುಂಗಾಲಿನ ವಿಷಯವನ್ನೂ ಹೇಳಿದ್ದೇವೆ.

ಆ ಹುಡುಗಿಯ ಹೆಸರು ಕೇಳಿಕೊಳ್ಳಲಿಲ್ಲ. ಈ ಪುಟ ಅವಳ ಕೈಗೆ ಸಿಕ್ಕರೆ ಸಿಗಲಿ: ನಮ್ಮ ಕ್ಯಾಮೆರಾಗೆ ಮೊದಲೇ ಏನೂ ಗೊತ್ತಿರಲಿಲ್ಲಮ್ಮ. ನಾನು ಮರ ತಟ್ಟಿದೆ.