ಕಾಲೇಜಿನ ಹೊಸ ವಿದ್ಯಾರ್ಥಿಯೂ ಪರಿಹಾರ ಬೋಧನೆಯೂ



ಹೈಸ್ಕೂಲಿನ ಕಡೆಯ ತರಗತಿಯಲ್ಲಿ ತೇರ್ಗಡೆಯಾದ ಹುಡುಗನೊಬ್ಬನು ಕಾಲೇಜಿನ ಬಾಗಿಲಿಗೆ ಬರುತ್ತಾನೆ. ಕೈಯಲ್ಲಿ ಯೋಗ್ಯತಾಪತ್ರವಿದೆ, ಮನೆಯಲ್ಲಿ ತಾಯಿತಂದೆಗಳು ನೆರೆಹೊರೆಯವರಿಗೆಲ್ಲ ಈ ಸುದ್ದಿಯನ್ನು ಹೇಳಿಕೊಂಡು ಹಿಗ್ಗಿದ್ದಾರೆ. ಪಾಠಗಳು ಆರಂಭವಾಗುವುದಕ್ಕೆ ಮೊದಲು ಅವನನ್ನು ಒಂದು ಕೊಠಡಿಯಲ್ಲಿ ಕುಳ್ಳಿರಿಸಿ, ಗಣಿತ ವಾಚನ ಬರವಣಿಗೆಗಳಲ್ಲಿ ಗಂಟೆ ಎರಡು ಗಂಟೆಗಳ ಪರೀಕ್ಷೆಯನ್ನು ಕೊಡುತ್ತಾರೆ. ಅನಂತರ ಅವನಿಗೆ ತಿಳಿಯಬರುವುದೇನೆಂದರೆ, ಅವನು ಕಾಲೇಜಿಗೆ ಸೇರಿದ್ದಾನೆ, ಆದರೆ ಕಾಲೇಜಿನ ಪಾಠಕ್ಕೆ ಇನ್ನೂ ಸೇರಿಲ್ಲ. ಹೈಸ್ಕೂಲಿನ ಬೀಜಗಣಿತವನ್ನು ಇಲ್ಲಿ ಮತ್ತೊಮ್ಮೆ ಓದತಕ್ಕದ್ದು. ಅದಕ್ಕೆ ಶುಲ್ಕವನ್ನು ಪೂರ್ತಿಯಾಗಿ ತೆರತಕ್ಕದ್ದು. ಆದರೆ ಆ ಓದು ಪದವಿಯ ಲೆಕ್ಕಕ್ಕೆ ಬರತಕ್ಕದ್ದಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದವರೆಗೆ ಲಕ್ಷಾಂತರ ತರುಣರ ಕಾಲೇಜುಜೀವನವು ಹೀಗೆಯೇ ಮೊದಲಾಗುತ್ತಿದ್ದಿತು. ಇದಕ್ಕೆ ಶಿಕ್ಷಣಶಾಸ್ತ್ರದಲ್ಲಿ ಪರಿಹಾರ ಬೋಧನೆಯೆಂದು ಹೆಸರು. ಮಠಗಳು ಪಾಠಶಾಲೆಗಳನ್ನೂ ಕಾಲೇಜುಗಳನ್ನೂ ಪ್ರಸಾದನಿಲಯಗಳನ್ನೂ ನಡೆಸಿಕೊಂಡು ಬಂದಿರುವ ಈ ನಾಡಿನವರಿಗೆ ಆ ದೂರದೇಶದ ಅನುಭವವು ವಿಚಾರಯೋಗ್ಯವಾದುದು.

ಹೀಗಾಗುವುದು ಇತ್ತೀಚಿನ ಕಾಲದ ಅಧಃಪತನವೆಂದು ತಿಳಿದವರುಂಟು. ಚರಿತ್ರೆಯು ಬೇರೆ ಹೇಳುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು ೧೮೪೯ರಲ್ಲಿ ಬಾಗಿಲು ತೆರೆದಾಗ ಅಲ್ಲಿ ಮೊದಲು ಏರ್ಪಟ್ಟುದು ಕಾಲೇಜಿನ ತರಗತಿಯಲ್ಲ, ಕಾಲೇಜಿಗೆ ಹುಡುಗರನ್ನು ಸಿದ್ಧಗೊಳಿಸುವ ಪೂರ್ವಪಾಠದ ತರಗತಿ. ಅದು ಆಗತಾನೆ ನೆಲೆಗೊಳ್ಳುತ್ತಿದ್ದ ಸೀಮೆ. ಹೈಸ್ಕೂಲುಗಳೇ ವಿರಳವಾದಲ್ಲಿ ಆ ಕೊರತೆಯು ಸಹಜವೆನ್ನಬಹುದು. ಆದರೆ ೧೬೩೬ರಲ್ಲಿಯೇ ಸ್ಥಾಪಿತವಾದ ಹಾರ್ವರ್ಡ್ ವಿದ್ಯಾಪೀಠದ ಮಾತೇನು? ಅಲ್ಲಿ ೧೮೭೪ರಿಂದ ಪ್ರವೇಶಾರ್ಥಿಗಳು ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ಬರೆಯಬೇಕೆಂಬ ನಿಯಮವು ಬಂದಿತು. ಆ ಬರಹದಲ್ಲಿ ಸುಮಾರು ಅರ್ಧದಷ್ಟು ಮಂದಿ ಸೋಲುತ್ತಿದ್ದರು. ಇವರು ಬಡವರ ಮಕ್ಕಳಲ್ಲ, ಪರಭಾಷೆಯಲ್ಲಿ ತೊಳಲುತ್ತಿದ್ದವರೂ ಅಲ್ಲ. ಬಹುಮಟ್ಟಿಗೆ ಸಿರಿವಂತರ ಮನೆಯಲ್ಲಿ ಹುಟ್ಟಿ, ಹೆಸರಾದ ಶಾಲೆಗಳಲ್ಲಿ ಓದಿ, ತಮ್ಮ ಮಾತೃಭಾಷೆಯಲ್ಲಿಯೇ ಬರೆದವರು. ಕಡೆಗೆ ಹಾರ್ವರ್ಡಿನವರು ಮೊದಲ ವರ್ಷದ ಎಲ್ಲರಿಗೂ ಬರವಣಿಗೆಯ ಪಾಠವನ್ನು ಕಡ್ಡಾಯವಾಗಿ ಇಟ್ಟರು. ೧೮೯೨ರಲ್ಲಿ ಅಲ್ಲಿಯ ಸಮಿತಿಯೊಂದು ವರದಿಯನ್ನು ಬರೆದು, ತಪ್ಪೆಲ್ಲ ಕೆಳಗಿನ ಶಾಲೆಗಳದೆಂದು ಗದರಿಸಿತು. ಕಾಲೇಜಿನವರು ಹೈಸ್ಕೂಲಿನವರನ್ನು ದೂರುವುದೂ, ಹೈಸ್ಕೂಲಿನವರು ಮಾಧ್ಯಮಿಕ ಶಾಲೆಯವರನ್ನು ದೂರುವುದೂ, ಅವರು ಮನೆಯವರನ್ನು ದೂರುವುದೂ ಅಂದಿನಿಂದ ಇಂದಿನವರೆಗೆ ನಿಂತಿಲ್ಲ. ಬಡವರ ಮಕ್ಕಳಿಗೆ ಬಾಗಿಲು ತೆರೆದುದರಿಂದಲೇ ವಿದ್ಯೆಯ ಮಟ್ಟವು ಇಳಿಯಿತೆಂದು ಹೇಳುವವರು ಹಾರ್ವರ್ಡಿನ ಈ ಕಥೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಆದರೂ ಬಾಗಿಲು ತೆರೆದ ಕಥೆಯೇ ಇದರಲ್ಲಿ ಮುಖ್ಯವಾದುದು. ನ್ಯೂಯಾರ್ಕ್ ನಗರದ ಸಾರ್ವಜನಿಕ ಕಾಲೇಜು ೧೮೪೭ರಲ್ಲಿ ಸ್ಥಾಪನೆಯಾದಂದಿನಿಂದ ಶುಲ್ಕವಿಲ್ಲದೆ ವಿದ್ಯಾದಾನ ಮಾಡಿತು. ಆದರೆ ಹೆಚ್ಚು ಅಂಕಗಳಿದ್ದವರಿಗೆ ಮಾತ್ರ ಪ್ರವೇಶವಿದ್ದುದರಿಂದ ನಗರದ ಬಡ ಕೇರಿಗಳ, ಆಫ್ರಿಕಾ ಮೂಲದ ಮತ್ತು ಪೋರ್ಟೊರಿಕೊ ಮೂಲದ ಮಕ್ಕಳಲ್ಲಿ ಅಲ್ಲಿಗೆ ಬರುವವರು ತೀರ ಕಡಿಮೆಯಾಗಿದ್ದರು. ೧೯೬೯ರಲ್ಲಿ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ೧೯೭೦ರಿಂದ, ನಗರದ ಹೈಸ್ಕೂಲನ್ನು ಮುಗಿಸಿದ ಯಾರಿಗೇ ಆಗಲಿ ಆ ವಿಶ್ವವಿದ್ಯಾಲಯದ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಾನವುಂಟೆಂದು ನಿರ್ಣಯವಾಯಿತು. ಸಾವಿರಾರು ಮಂದಿ ಬಂದರು. ಅವರ ಬರಹವನ್ನು ಕಂಡು ಅನೇಕ ಅಧ್ಯಾಪಕರು ದಿಗ್ಭ್ರಮೆಗೊಂಡರು. ಇವರಿಗೆ ಕಲಿಸುವುದು ಅಸಾಧ್ಯವೆಂದು ಕೈಚೆಲ್ಲಿದವರೂ ಇದ್ದರು.

ಆ ಸಮಯದಲ್ಲಿ ಸಿಟಿ ಕಾಲೇಜಿನಲ್ಲಿ ಇಂತಹವರ ಬರವಣಿಗೆಯ ಪಾಠಗಳ ಹೊಣೆಯನ್ನು ಹೊತ್ತಿದ್ದವರು ಮೀನಾ ಶಾಗ್ನೆಸಿ ಎಂಬ ಅಧ್ಯಾಪಿಕೆ. ಪ್ರವೇಶಕಾಲದಲ್ಲಿ ಹೊಸ ವಿದ್ಯಾರ್ಥಿಗಳು ಬರೆದ ಸುಮಾರು ೪,೦೦೦ ಪ್ರಬಂಧಗಳನ್ನು ಆಕೆ ಒಂದೊಂದಾಗಿ ಪರಿಶೀಲಿಸಿ, ೧೯೭೭ರಲ್ಲಿ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮರುವರ್ಷವೇ ಆಕೆ ತೀರಿಕೊಂಡರು. ಆ ಗ್ರಂಥದ ತಿರುಳು ಇಷ್ಟು: ತಪ್ಪುಗಳು ಮನಬಂದಂತೆ ಹುಟ್ಟುವುದಿಲ್ಲ, ಪ್ರತಿಯೊಂದು ತಪ್ಪಿನ ಹಿಂದೆಯೂ ಕಲಿಯುವವನು ತಾನೇ ಊಹಿಸಿಕೊಂಡ ನಿಯಮವೊಂದಿರುತ್ತದೆ, ಅದನ್ನು ಕಂಡುಹಿಡಿಯದೆ ಕೆಂಪು ಮಸಿಯಿಂದ ಗೀಟು ಹಾಕುವುದರಿಂದ ಯಾರೂ ಏನನ್ನೂ ಕಲಿಯುವುದಿಲ್ಲ.

ಗಣಿತದ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಎರಡರಲ್ಲೊಂದು ಭಾಗಕ್ಕೆ ಮೂರರಲ್ಲೊಂದು ಭಾಗವನ್ನು ಕೂಡಿಸೆಂದರೆ, ಹುಡುಗನೊಬ್ಬನು ಮೇಲಿನದನ್ನು ಮೇಲಿನದಕ್ಕೂ ಕೆಳಗಿನದನ್ನು ಕೆಳಗಿನದಕ್ಕೂ ಸೇರಿಸಿ ಐದರಲ್ಲೆರಡು ಭಾಗವೆಂದು ಬರೆಯುತ್ತಾನೆ. ದಡ್ಡನೆಂದು ಅವನನ್ನು ಕೂರಿಸುವುದು ಸುಲಭ. ಆದರೆ ಭಿನ್ನರಾಶಿಗಳನ್ನು ಗುಣಿಸುವಾಗ ಮೇಲಿನದನ್ನು ಮೇಲಿನದರಿಂದಲೂ ಕೆಳಗಿನದನ್ನು ಕೆಳಗಿನದರಿಂದಲೂ ಗುಣಿಸುವುದೇ ಕ್ರಮ. ಅವನು ಗುಣಾಕಾರದ ಕ್ರಮವನ್ನು ಸಂಕಲನಕ್ಕೆ ತಂದಿದ್ದಾನೆ, ಅಷ್ಟೆ. ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿಯನ್ನು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೇ ಎಂದು ಅವನನ್ನೇ ಕೇಳಿದರೆ, ತನ್ನ ತಪ್ಪನ್ನು ಅವನೇ ಕಂಡು ನಗುವನು. ಅದೇ ಲೆಕ್ಕವನ್ನು ಹದಿನೈದು ವಾರಗಳ ಕಾಲ ಮೊದಲಿನಂತೆಯೇ ಪುನಃ ಹೇಳಿಕೊಟ್ಟರೆ, ಅದೇ ತಪ್ಪನ್ನು ಇನ್ನೂ ಅಂದವಾದ ಅಕ್ಷರದಲ್ಲಿ ಮಾಡುವನು.

ಪರಿಹಾರ ಬೋಧನೆಯು ಕಾಲೇಜುಗಳಲ್ಲಿ ವ್ಯಾಪಿಸಿದಂತೆ ಈ ಸೂಕ್ಷ್ಮವು ಉಳಿಯಲಿಲ್ಲ. ವಿಶೇಷವಾಗಿ ಎರಡು ವರ್ಷಗಳ ಸಮುದಾಯ ಕಾಲೇಜುಗಳಲ್ಲಿ, ಯಂತ್ರದ ಮುಂದೆ ಕುಳಿತು ಬರೆಯುವ ಒಂದು ಪರೀಕ್ಷೆಯಿಂದ ವಿದ್ಯಾರ್ಥಿಗಳನ್ನು ವಿಂಗಡಿಸಿ, ಅಂಕಗಣಿತ, ಆರಂಭದ ಬೀಜಗಣಿತ, ಮುಂದಿನ ಬೀಜಗಣಿತ ಎಂದು ಮೆಟ್ಟಿಲುಗಳನ್ನು ಕಟ್ಟಿದರು. ಕೆಳಗಿನ ಮೆಟ್ಟಿಲಿನಲ್ಲಿ ನಿಂತವನಿಗೆ ಕಾಲೇಜಿನ ನಿಜವಾದ ಮೊದಲ ಪಾಠವನ್ನು ಮುಟ್ಟಲು ಒಂದು ವರ್ಷವೋ ಒಂದೂವರೆ ವರ್ಷವೋ ಬೇಕು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ನೂರು ಜನರು ಹೊರಟರೆಂದೂ, ಪ್ರತಿ ಮೆಟ್ಟಿಲಿನಲ್ಲಿ ಐವರಲ್ಲಿ ನಾಲ್ವರು ತೇರ್ಗಡೆಯಾದರೆಂದೂ, ತೇರ್ಗಡೆಯಾದ ಹತ್ತು ಜನರಲ್ಲಿ ಒಂಬತ್ತು ಜನರು ಮುಂದಿನ ಮೆಟ್ಟಿಲಿಗೆ ಬಂದರೆಂದೂ ಇಟ್ಟುಕೊಳ್ಳೋಣ. ಕೇಳುವುದಕ್ಕೆ ಇದು ಒಳ್ಳೆಯ ಫಲಿತಾಂಶವೇ. ಆದರೆ ಮೂರು ಮೆಟ್ಟಿಲುಗಳು ಮುಗಿಯುವ ಹೊತ್ತಿಗೆ ನೂರರಲ್ಲಿ ಉಳಿಯುವವರು ೪೧ ಜನರು ಮಾತ್ರ! ಯಾರೂ ಅವರನ್ನು ಹೊರಗೆ ಹಾಕಿಲ್ಲ; ಯಾವ ಅಧ್ಯಾಪಕನೂ ಅನ್ಯಾಯ ಮಾಡಿಲ್ಲ; ಮೆಟ್ಟಿಲುಗಳೇ ಅವರನ್ನು ಸವೆಸಿವೆ.

ವಾಸ್ತವವೂ ಇದಕ್ಕಿಂತ ದೂರವಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿಗೆ ಸೇರಿದ ಸಂಶೋಧಕರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪರಿಹಾರ ಪಾಠಗಳಿಗೆಂದು ವಿಧಿಸಲ್ಪಟ್ಟವರಲ್ಲಿ ಅವನ್ನು ಪೂರ್ತಿ ಮುಗಿಸಿದವರು ಅರ್ಧಕ್ಕಿಂತ ಕಡಿಮೆ. ನೂರಕ್ಕೆ ಮೂವತ್ತರಷ್ಟು ಜನರು ಮೊದಲ ಪಾಠಕ್ಕೆ ಹೆಸರನ್ನು ಕೂಡ ಕೊಡಲಿಲ್ಲ. ಎರಡು ವರ್ಷಗಳ ಅನಂತರ ಅಲ್ಲಿಯವರೇ ಮತ್ತೊಂದು ಸಂಗತಿಯನ್ನು ಹೊರಗೆಡಹಿದರು. ವಿಂಗಡಿಸುವ ಪರೀಕ್ಷೆಯೇ ಭರವಸೆಗೆ ಪಾತ್ರವಲ್ಲ; ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರನ್ನೂ ಇಂಗ್ಲಿಷಿನಲ್ಲಿ ಮೂವರಲ್ಲಿ ಒಬ್ಬರನ್ನೂ ಅದು ತಪ್ಪಾದ ಸ್ಥಾನದಲ್ಲಿ ಕೂರಿಸುತ್ತಿದ್ದಿತು. ಹೈಸ್ಕೂಲಿನ ನಾಲ್ಕು ವರ್ಷಗಳ ಅಂಕಗಳು ಹುಡುಗನ ಯೋಗ್ಯತೆಯನ್ನು ಈ ಎರಡು ಗಂಟೆಗಳ ಪರೀಕ್ಷೆಗಿಂತ ಚೆನ್ನಾಗಿ ತಿಳಿಸುತ್ತಿದ್ದವು. ಪರೀಕ್ಷೆ ಇದೆಯೆಂಬುದನ್ನೇ ಅರಿಯದೆ, ಸಿದ್ಧತೆಯಿಲ್ಲದೆ ಬಂದು ಕುಳಿತವರೇ ಅನೇಕರು. ಅಂತಹ ಒಂದು ಅಪರಾಹ್ನದ ಬೆಲೆ ಒಂದು ವರ್ಷದ ಶುಲ್ಕ, ಹಲವರಿಗೆ ಪದವಿಯ ಆಸೆಯೇ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ಉತ್ತರವನ್ನು ವಾದದಿಂದಲ್ಲದೆ ಪ್ರಯೋಗದಿಂದ ಹುಡುಕಿದವರು ನ್ಯೂಯಾರ್ಕಿನ ಅದೇ ನಗರ ವಿಶ್ವವಿದ್ಯಾಲಯದವರು. ೨೦೧೩ರಲ್ಲಿ ಅಲ್ಲಿಯ ಮೂರು ಸಮುದಾಯ ಕಾಲೇಜುಗಳಲ್ಲಿ, ಆರಂಭದ ಬೀಜಗಣಿತವನ್ನು ಮತ್ತೆ ಓದಬೇಕೆಂದು ವಿಧಿಸಲ್ಪಟ್ಟಿದ್ದ ಸುಮಾರು ೯೦೦ ಹೊಸ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಪರಿಹಾರ ಪಾಠ. ಮತ್ತೊಂದಕ್ಕೆ ಅದರೊಡನೆ ವಾರಕ್ಕೊಮ್ಮೆ ಸಹಾಯದ ತರಗತಿ. ಮೂರನೆಯದಕ್ಕೆ ಪರಿಹಾರ ಪಾಠವೇ ಇಲ್ಲ, ನೇರವಾಗಿ ಕಾಲೇಜಿನ ಸಂಖ್ಯಾಶಾಸ್ತ್ರ, ಜೊತೆಯಲ್ಲಿ ವಾರಕ್ಕೊಮ್ಮೆ ಸಹಾಯ. ಫಲವೇನಾಯಿತು? ಎಂದಿನ ಪರಿಹಾರ ಪಾಠದಲ್ಲಿ ನೂರಕ್ಕೆ ೩೯ ಜನರು ತೇರ್ಗಡೆಯಾದರು. ಮೇಲಿನ ಪಾಠವಾದ ಸಂಖ್ಯಾಶಾಸ್ತ್ರದಲ್ಲಿ ೫೬ ಜನರು. ಕೆಳಗಿನ ಮೆಟ್ಟಿಲಿನಲ್ಲಿ ನಿಂತವರಿಗಿಂತ ಮೇಲಿನ ಮೆಟ್ಟಿಲಿನಲ್ಲಿ ನಿಂತವರೇ ಹೆಚ್ಚು! ತನ್ನ ವಯಸ್ಸಿಗೆ ತಕ್ಕ ವಿದ್ಯೆ ಮುಂದಿದೆಯೆಂದು ಕಂಡಾಗ ವಿದ್ಯಾರ್ಥಿಯ ಮನಸ್ಸು ಮೈಮುರಿದು ಏಳುವುದು. ನೀನು ಇನ್ನೂ ಅಲ್ಲಿಯೇ ಇರುವೆಯೆಂದು ಹೇಳಿದಾಗ ಅದು ಕುಗ್ಗುವುದು. ಇದು ಅಂಕಿಗಳಿಂದ ಮಾತ್ರವಲ್ಲ, ಲೋಕಾನುಭವದಿಂದಲೂ ತಿಳಿಯುವ ಸಂಗತಿ.

ಇಂತಹ ಅನುಭವಗಳ ಬಲದಿಂದ ರಾಜ್ಯಗಳು ಒಂದೊಂದಾಗಿ ದಾರಿ ಬದಲಿಸಿದವು. ಫ್ಲಾರಿಡಾ ೨೦೧೩ರ ಕಾನೂನಿನಿಂದ ಪರಿಹಾರ ಪಾಠವನ್ನು ಬಹುಪಾಲು ವಿದ್ಯಾರ್ಥಿಗಳ ಇಚ್ಛೆಗೆ ಬಿಟ್ಟಿತು. ಟೆನೆಸಿ ೨೦೧೫ರಲ್ಲಿ ಕಾಲೇಜುಪಾಠದ ಜೊತೆಯಲ್ಲಿಯೇ ಸಹಾಯವನ್ನು ಕೊಡುವ ಕ್ರಮವನ್ನು ಜಾರಿಗೆ ತಂದಿತು. ಕ್ಯಾಲಿಫೋರ್ನಿಯಾ ೨೦೧೭ರಲ್ಲಿ ಕಾನೂನು ಮಾಡಿ ಹೈಸ್ಕೂಲಿನ ಅಂಕಗಳಿಗೆ ಪ್ರಾಧಾನ್ಯವನ್ನು ಕೊಟ್ಟಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖವಾಗಿತ್ತು. ೨೦೨೫ರ ನವೆಂಬರಿನಲ್ಲಿ ಸ್ಯಾನ್ ಡೀಗೊ ನಗರದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಮಿತಿಯೊಂದು ತನ್ನ ವರದಿಯನ್ನು ಹೊರಡಿಸಿತು. ಅದು ಸಾಮಾನ್ಯ ವಿದ್ಯಾಲಯವಲ್ಲ. ಬಹಳ ಆರಿಸಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಹುದು. ಅಲ್ಲಿ ೨೦೨೦ರಿಂದ ೨೦೨೫ರ ಒಳಗೆ, ಗಣಿತದಲ್ಲಿ ಹೈಸ್ಕೂಲಿನ ಮಟ್ಟವನ್ನೂ ಮುಟ್ಟದ ಹೊಸಬರ ಸಂಖ್ಯೆಯು ಸುಮಾರು ಮೂವತ್ತು ಪಟ್ಟು ಬೆಳೆದು, ಎಂಟು ಜನರಲ್ಲಿ ಒಬ್ಬರಷ್ಟಾಗಿದ್ದಿತು. ಏಳಕ್ಕೆ ಎರಡನ್ನು ಕೂಡಿಸಿದರೆ ಬರುವಷ್ಟೇ ಬರಬೇಕಾದರೆ ಆರಕ್ಕೆ ಎಷ್ಟನ್ನು ಕೂಡಿಸಬೇಕೆಂಬ ಪ್ರಶ್ನೆಗೆ, ಪರಿಹಾರ ಪಾಠದಲ್ಲಿದ್ದವರ ಪೈಕಿ ನಾಲ್ವರಲ್ಲಿ ಒಬ್ಬರು ತಪ್ಪು ಉತ್ತರವನ್ನು ಬರೆದಿದ್ದರು. ಇವರಲ್ಲಿ ಅನೇಕರು ಹೈಸ್ಕೂಲಿನಲ್ಲಿ ಗಣಿತಕ್ಕೆ ಅತ್ಯುತ್ತಮ ದರ್ಜೆಯನ್ನು ಪಡೆದವರೇ! ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿದ್ದುದು ಒಂದು ಕಾರಣ. ಪ್ರವೇಶಕ್ಕೆ ಇದ್ದ ಸಾಮಾನ್ಯ ಪರೀಕ್ಷೆಯನ್ನು ಕೈಬಿಟ್ಟುದು ಮತ್ತೊಂದು. ಶಾಲೆಗಳು ಅಂಕಗಳನ್ನು ಧಾರಾಳವಾಗಿ ಹಂಚಿದುದು ಇನ್ನೊಂದು. ಅಂಕವೇ ಸುಳ್ಳಾದರೆ ಅದನ್ನು ನಂಬಿದ ಕ್ರಮವೂ ಕುಸಿಯುತ್ತದೆ. ಬಿಲ್ಲೆಯ ಮೇಲಿನ ಹೆಸರನ್ನು ಬದಲಿಸಿದ ಮಾತ್ರಕ್ಕೆ ರೋಗವು ಗುಣವಾಗುವುದಿಲ್ಲ. ಪರಿಹಾರ ಪಾಠವನ್ನು ರದ್ದುಮಾಡಿದವರೆಲ್ಲರೂ ಅದರ ಬದಲಿಗೆ ಅಧ್ಯಾಪಕರ ಹೊತ್ತನ್ನು ಅಷ್ಟೇ ಧಾರಾಳವಾಗಿ ಕೊಟ್ಟರೆಂದು ಹೇಳಲಾಗದು. ಎರಡು ಮೂರು ಸಂಗತಿಗಳನ್ನು ಮರೆತವನಿಗೆ ಜೊತೆಯ ಸಹಾಯವು ಸಾಕು. ಸಮಚಿಹ್ನೆಯ ಅರ್ಥವನ್ನೇ ಅರಿಯದವನಿಗೆ ವಾರಕ್ಕೆ ಎರಡು ಗಂಟೆ ಸಾಲದು. ಇವರಿಬ್ಬರನ್ನು ಒಂದೇ ಹಗ್ಗದಲ್ಲಿ ಕಟ್ಟುವುದೇ ಹಳೆಯ ಪದ್ಧತಿಯ ತಪ್ಪು, ಹೊಸ ಪದ್ಧತಿಯ ತಪ್ಪೂ ಅದೇ.

ಕನ್ನಡನಾಡಿನಲ್ಲಿ ಈ ಪ್ರಶ್ನೆಯು ಮತ್ತೊಂದು ರೂಪದಲ್ಲಿ ಬರುತ್ತದೆ. ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಪಡೆದ ಹುಡುಗಿಯು ಪದವಿಪೂರ್ವ ಕಾಲೇಜಿಗೆ ಬಂದು ಕುಳಿತೊಡನೆ ಎಲ್ಲವೂ ಇಂಗ್ಲಿಷಾಗುವುದು. ವೇಗೋತ್ಕರ್ಷವೆಂದರೇನೆಂದು ಅವಳು ಚೆನ್ನಾಗಿ ಬಲ್ಲಳು. ಆಕ್ಸಲರೇಷನ್ ಎಂಬ ಶಬ್ದವನ್ನು ಅರಿಯಳು. ವಕ್ರೀಭವನದ ಚಿತ್ರವನ್ನು ತಪ್ಪಿಲ್ಲದೆ ಬರೆಯುವಳು. ರಿಫ್ರಾಕ್ಷನ್ ಎಂದಾಗ ತಲೆ ತಗ್ಗಿಸುವಳು. ಅವಳ ಕೊರತೆ ವಿದ್ಯೆಯದಲ್ಲ, ಹೆಸರುಗಳದು. ಇದನ್ನು ಕಾಣದೆ, ಭೌತಶಾಸ್ತ್ರವು ಅವಳಿಗೆ ಒಗ್ಗದೆಂದು ತೀರ್ಮಾನಿಸಿ ಬೇರೆ ವಿಷಯಕ್ಕೆ ಕಳುಹಿಸುವುದು, ನ್ಯೂಯಾರ್ಕಿನ ಯಂತ್ರಪರೀಕ್ಷೆಯು ಮಾಡಿದ ತಪ್ಪಿಗಿಂತ ಕಡಿಮೆಯದಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹನ್ನೊಂದನೆಯ ಯೋಜನೆಯ ಕಾಲದಲ್ಲಿ, ಅಂದರೆ ೨೦೦೭ರಿಂದ ೨೦೧೨ರವರೆಗೆ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಪರಿಹಾರ ಬೋಧನೆಗಾಗಿ ಕಾಲೇಜುಗಳಿಗೆ ಹಣವನ್ನು ಕೊಟ್ಟುದುಂಟು. ಆದರೆ ಹಗಲಿನ ಪಾಠ ಮುಗಿದು ಎಲ್ಲರೂ ಬಸ್ಸು ಹಿಡಿಯುವ ಹೊತ್ತಿಗೆ ನಡೆಯುವ ತರಗತಿಯಲ್ಲಿ ಎಷ್ಟು ಜನರು ಉಳಿದಾರು?

ಈ ವಿಷಯದಲ್ಲಿ ಪ್ರಸಾದನಿಲಯಗಳಿಗೆ ಒಂದು ಅನುಕೂಲವುಂಟು. ಅಲ್ಲಿಯ ವಿದ್ಯಾರ್ಥಿಗೆ ಸಂಜೆಯ ಬಸ್ಸು ಇಲ್ಲ. ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಕೊಠಡಿಯಲ್ಲಿ ಮಲಗುವ ಹಿರಿಯ ವಿದ್ಯಾರ್ಥಿಯು ಎರಡು ವರ್ಷಗಳ ಹಿಂದೆ ಇದೇ ತೊಡಕನ್ನು ದಾಟಿ ಬಂದಿರುತ್ತಾನೆ. ಯಾವ ಶಬ್ದದಲ್ಲಿ ತಾನು ಎಡವಿದೆನೆಂಬುದು ಅವನಿಗೆ ಇನ್ನೂ ನೆನಪಿದೆ. ಜೂನ್ ತಿಂಗಳ ಮೊದಲ ವಾರದಲ್ಲಿಯೇ ಹತ್ತನೆಯ ತರಗತಿಯ ಕನ್ನಡ ಪುಸ್ತಕವನ್ನೂ ಕಾಲೇಜಿನ ಇಂಗ್ಲಿಷ್ ಪುಸ್ತಕವನ್ನೂ ಅಕ್ಕಪಕ್ಕದಲ್ಲಿ ತೆರೆದಿಟ್ಟು, ಮರುದಿನ ಆಗಲಿರುವ ಪಾಠದ ಹತ್ತು ಶಬ್ದಗಳನ್ನು ರಾತ್ರಿಯೇ ತಿಳಿಸಿಕೊಡುವುದಕ್ಕೆ ಕಟ್ಟಡವೂ ಬೇಡ, ಅನುದಾನವೂ ಬೇಡ. ಗಣಿತದಲ್ಲಿ ನಿಜವಾಗಿ ಹಿಂದೆ ಬಿದ್ದವರನ್ನು ಮಾತ್ರ ಬೇರೆಯಾಗಿ, ನಾಲ್ಕೈದು ಮಂದಿಯ ಗುಂಪಿನಲ್ಲಿ ಅಧ್ಯಾಪಕರೊಬ್ಬರ ಮುಂದೆ ಕೂರಿಸಿ, ಅವರು ಮಾಡಿದ ಲೆಕ್ಕವನ್ನು ಅವರಿಂದಲೇ ಗಟ್ಟಿಯಾಗಿ ಹೇಳಿಸಬೇಕು. ಎಲ್ಲಿ ದಾರಿ ತಪ್ಪಿತೆಂಬುದು ಆಗ ಕಿವಿಗೆ ಕೇಳಿಬರುವುದು. ಇದನ್ನು ದಸರೆಯ ರಜೆಯವರೆಗೆ ಕಾದು ಮಾಡಿದರೆ ಫಲವಿಲ್ಲ. ಆ ವೇಳೆಗೆ ಕೆಲವರು ಪೆಟ್ಟಿಗೆಯನ್ನು ಹೊತ್ತು ಊರಿಗೆ ಹಿಂದಿರುಗಿರುತ್ತಾರೆ. ನೆಂಟರು ಕೇಳಿದರೆ, ಪೇಟೆಯ ನೀರು ಒಗ್ಗಲಿಲ್ಲವೆಂದು ಮನೆಯವರು ಹೇಳುತ್ತಾರೆ.